ಬಾಲ್ಕನಿಯ ಬಿಸಿಲಲ್ಲಿ ಆಮೆಯ ಪಾಲು

ಆಮೆ ಬಿಸಿಲು ಕಾಯಿಸುವುದನ್ನು ಪುರುಸೊತ್ತಿನಿಂದ ಕೂತು ನೋಡಬೇಕು. ನೀರಿನಿಂದ ಎದ್ದು ಕಲ್ಲು ಹತ್ತುತ್ತದೆ. ಕತ್ತು ತಿರುಗಿಸಿ ಒಮ್ಮೆ ಸುತ್ತ ಕಣ್ಣಾಡಿಸುತ್ತದೆ. ಆಮೇಲೆ ಹಿಂಗಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆಯನ್ನು ಬಿಡಿಸಿ, ಕತ್ತು ನೀಡಿ ಕಣ್ಣು ಮುಚ್ಚುತ್ತದೆ. ಬೊರಿವಲಿಯ ನಮ್ಮ ಫ್ಲಾಟಿನ ಪೂರ್ವದ ಬಾಲ್ಕನಿಗೆ ಬೀಳುವ ಬಿಸಿಲು ಬಟ್ಟೆಗೂ ಬೇಕು, ಹಪ್ಪಳ ಸಂಡಿಗೆಗೂ ಬೇಕು. ಮೊದಲ ಪಾಲು ಮಾತ್ರ ಇವನದು.

ಇವನು ಕೆಂಪು ಕಿವಿಯ ಸ್ಲೈಡರ್. ಕಣ್ಣಿನ ಹಿಂದೆ ಕುಂಕುಮ ತೀಡಿದ ಹಾಗೆ ಒಂದು ಪಟ್ಟಿ. ಮೂಲ ನೆಲೆ ಅಮೆರಿಕದ ಮಿಸಿಸಿಪಿ ನದಿಯ ಬಯಲು. ಜಗತ್ತಿನಲ್ಲಿ ಸಾಕುವ ನೀರಾಮೆಗಳಲ್ಲಿ ಇಷ್ಟು ಹರಡಿದ್ದು ಇನ್ನೊಂದಿಲ್ಲ. ಮರಿ ಹೊರಬಂದಾಗ ಒಂದೂಕಾಲು ಅಂಗುಲ. ಹೆಣ್ಣಾದರೆ ಹತ್ತು ಅಂಗುಲ ದಾಟಿ ಬೆಳೆಯುವುದುಂಟು. ಹೆಣ್ಣಾಗುವುದೋ ಗಂಡಾಗುವುದೋ ಎಂಬುದು ಮೊಟ್ಟೆ ಹೂತ ಮಣ್ಣಿನ ಬಿಸಿಯ ಮೇಲಿದೆ. ಮಣ್ಣು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣು. ನಮ್ಮದು ಗಂಡೆಂದು ಗೊತ್ತಾದದ್ದು ಮುಂಗಾಲಿನ ಉದ್ದುದ್ದ ಉಗುರುಗಳಿಂದ. ಹೆಣ್ಣಿನ ಮುಖದೆದುರು ಆ ಉಗುರುಗಳನ್ನು ಪಟಪಟನೆ ನಡುಗಿಸುವುದು ಗಂಡಿನ ಪ್ರಣಯ ನಿವೇದನೆ. ನಮ್ಮವನು ಗಾಜಿನಲ್ಲಿ ಕಾಣುವ ತನ್ನದೇ ಬಿಂಬಕ್ಕೆ ಅದನ್ನು ಸಲ್ಲಿಸುತ್ತಾನೆ. ಆ ಬೆರಳುಗಳ ಚುರುಕು ನೋಡಿದವರು ಆಮೆಯನ್ನು ಇನ್ನೆಂದೂ ನಿಧಾನಿ ಎನ್ನಲಾರರು.

ಆಮೆ ಸಾಕುವುದೆಂದರೆ ಮುಕ್ಕಾಲು ಪಾಲು ನೀರು ಸಾಕುವುದು. ಚಿಪ್ಪಿನ ಒಂದೊಂದು ಅಂಗುಲಕ್ಕೆ ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಎಂಬುದು ಸಾಕುವವರ ರೂಢಿಯ ಲೆಕ್ಕ. ದೊಡ್ಡ ಹೆಣ್ಣಿಗೆ ಅದೇ 380 ಲೀಟರ್ ಆಯಿತು. ಅಷ್ಟು ಭಾರವನ್ನು ಬಾಲ್ಕನಿಯ ಮೇಲೆ ಹೇರಬಾರದು. ನಮ್ಮ ಮನೆಯಲ್ಲಿ ಗಾಜಿನ ತೊಟ್ಟಿ ನಡುಮನೆಯ ಗೋಡೆಗೆ ಒತ್ತಿಕೊಂಡಿದೆ. ಬಾಲ್ಕನಿಯಲ್ಲಿ ಬಿಸಿಲಿಗೆಂದು ಒಂದು ಟಬ್ಬು, ಅದರ ಮೇಲೆ ಕಾಗೆಗಳು ಕುಕ್ಕದಂತೆ ಜಾಲರಿ. ಏಳು ಕೆರೆಗಳಿಂದ ಮುಂಬೈಗೆ ಹರಿದು ಬರುವ ನೀರು ನಲ್ಲಿಗೆ ಬರುವುದು ಹೊತ್ತು ನೋಡಿಕೊಂಡು. ಆಗ ಬಕೆಟ್ಟುಗಳಲ್ಲಿ ಹಿಡಿದಿಟ್ಟು, ಕ್ಲೋರಿನ್ ವಾಸನೆ ಹೋದಮೇಲೆ ತೊಟ್ಟಿಗೆ ಸುರಿಯುತ್ತೇನೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯ ಹಳೆ ನೀರಿನಲ್ಲೇ ಹಿಂಡಬೇಕು. ನಲ್ಲಿಯ ಕೆಳಗೆ ಹಿಡಿದರೆ ಹೊಲಸನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಈ ಕೆಲಸ ನನಗೆ ಎಂದೂ ಬೇಸರ ತಂದಿಲ್ಲ. ಮೋಡ ಮೋಡವಾಗಿದ್ದ ನೀರು ತಿಳಿಯಾಗಿ, ತಳದ ಒಂದೊಂದು ಹರಳೂ ಎಣಿಸುವಂತಾದಾಗ ಆಗುವ ತೃಪ್ತಿಯೇ ಬೇರೆ.

ಬಿಸಿಲಿನದು ಇನ್ನೊಂದು ಲೆಕ್ಕ. ಕ್ಯಾಲ್ಸಿಯಂ ಚಿಪ್ಪಿಗೆ ಸೇರಬೇಕಾದರೆ ಡಿ3 ವಿಟಮಿನ್ ಬೇಕು, ಅದು ಮೈಯಲ್ಲಿ ಹುಟ್ಟಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಹಾಗಾಗಿ ಜೂನಿನಿಂದ ಸೂರ್ಯ ಮುಖ ಮರೆಸಿದಾಗ ಯುವಿಬಿ ದೀಪವೇ ಗತಿ.

ಊಟ ನೀರಿನೊಳಗೇ. ನೀರಿಲ್ಲದೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮರಿಯಾಗಿದ್ದಾಗ ಮಾಂಸದ ಆಸೆ, ದೊಡ್ಡವನಾದ ಮೇಲೆ ಸೊಪ್ಪು ತರಕಾರಿ ಕಡೆ ವಾಲುವ ನಾಲಗೆ. ಮನೆಗೆ ಸಿಗಡಿ ತಂದ ದಿನ ಚಿಪ್ಪು ಸಮೇತ ಒಂದು ಅವನಿಗೆ. ಉಳಿದಂತೆ ತುರಿದ ಕ್ಯಾರೆಟ್, ಆಮೆಯ ಗುಳಿಗೆ.

ಚಿಪ್ಪನ್ನು ಹಳೆ ಬ್ರಷ್ಷಿನಿಂದ ಮೆಲ್ಲನೆ ಉಜ್ಜಿದರೆ ಸೊಂಟ ಕುಲುಕಿಸುತ್ತಾನೆ. ಚಿಪ್ಪಿಗೂ ಸ್ಪರ್ಶ ತಿಳಿಯುತ್ತದೆ. ಬೆನ್ನುಮೂಳೆಯೂ ಪಕ್ಕೆಲುಬೂ ಅದರಲ್ಲೇ ಬೆಸೆದುಕೊಂಡಿವೆ. ಆಗಾಗ ಬಿಲ್ಲೆಗಳ ಮೇಲ್ಪದರ ಕಳಚಿ ನೀರಿನಲ್ಲಿ ತೇಲುತ್ತದೆ. ಎತ್ತಿ ಬೆಳಕಿಗೆ ಹಿಡಿದರೆ ಹಸಿರು ಹಳದಿ ಗೆರೆಗಳ ನೆರಳು ಅದರಲ್ಲೂ ಕಾಣುತ್ತದೆ. ಮುಟ್ಟಿದಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಇರುತ್ತದೆ. ಅಮೆರಿಕ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿದ್ದು ಮಕ್ಕಳಿಗೆ ಈ ಸೋಂಕು ತಗಲುತ್ತದೆಂದೇ.

ಪಕ್ಕದ ಮನೆಯ ಕಾಕು ದಿನವೂ ಅವನಿಗೆ ಕೈ ಮುಗಿಯುತ್ತಾರೆ. ಗರ್ಭಗುಡಿಯೆದುರು ನೆಲದಲ್ಲಿ ಕೆತ್ತಿದ ಆಮೆಗೆ ನಮಿಸಿ ಒಳಹೋಗುವ ನಾಡು ಇದು. "ನಮಗೂ ಒಂದು ನಕ್ಷತ್ರ ಆಮೆ ಸಿಕ್ಕೀತೇ, ಲಕ್ಷ್ಮಿ ಬರುತ್ತಾಳಂತೆ" ಎಂದು ಕೇಳಿದ್ದರು. "ಬೇಡ ಕಾಕು, ನಮ್ಮ ನೆಲದ ಆಮೆ ಮನೆಯಲ್ಲಿಡುವುದು ಅಪರಾಧ" ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಕ್ಷತ್ರ ಆಮೆಯನ್ನೂ, ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆಯನ್ನೂ ಕಾಯುತ್ತದೆ. ಕೆರೆಯದು ಹಿಂಗಾಲು ಒಳಗೆಳೆದುಕೊಂಡು ಹೊಟ್ಟೆಯಡಿಯ ಮಡಿಕೆಗಳಿಂದ ಬಾಗಿಲು ಹಾಕಿಕೊಳ್ಳುವ ಜಾಣ. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಅದನ್ನು ಅದರ ನೀರಿನಲ್ಲೇ ನೋಡುವುದು ಚೆಂದ.

ಅದಕ್ಕಾಗಿಯೇ ಸಾಕಿ ಸಾಕಾದ ಸ್ಲೈಡರನ್ನು ಕೆರೆಗೆ ಬಿಡುವುದೆಂದರೆ ನನ್ನ ಕರುಳು ಕಿವುಚುತ್ತದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕೇರಳದ ನೀರಿಗೂ ಸೇರಿಕೊಂಡಿದೆ. ನಮ್ಮ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅದರೊಳಗೆ ತುಳಸಿ ಕೆರೆ, ಅಲ್ಲಿಂದ ಹೊರಡುವ ದಹಿಸರ್ ನದಿ. ಬಿಸಿಲಿನ ಕಲ್ಲಿಗೂ ಮೇವಿಗೂ ನಮ್ಮ ಆಮೆಗಳ ಜೊತೆ ಈ ಗಟ್ಟಿಗ ಪೈಪೋಟಿಗೆ ನಿಂತರೆ ಸೋಲುವವರು ನಮ್ಮವರು.

ಚೆನ್ನಾಗಿ ನೋಡಿಕೊಂಡರೆ ಸ್ಲೈಡರ್ ಮೂವತ್ತು ವರ್ಷ ಬದುಕೀತು. ನನ್ನ ವಯಸ್ಸಿಗೆ ಆ ಲೆಕ್ಕ ಹೊಂದುವುದಿಲ್ಲ. ದಹಿಸರ್‌ನಲ್ಲಿರುವ ಅಣ್ಣನ ಮಗಳು, "ಚಿಕ್ಕಪ್ಪ, ಮುಂದೆ ನಾನು ನೋಡಿಕೊಳ್ಳುತ್ತೇನೆ" ಎಂದು ಒಪ್ಪಿಕೊಂಡಿದ್ದಾಳೆ. ಈ ರವಿವಾರ ಫಿಲ್ಟರ್ ಬಿಚ್ಚಿ ಜೋಡಿಸುವುದನ್ನು ಕಲಿಯಲು ಬರುತ್ತಾಳೆ.