ಬಿಲ್ಲು ಕೇಳದೆ ಬರದ ಊರಿನಲ್ಲಿ

ವಿಯೆನ್ನಾದಲ್ಲಿ ಬೆಳಗಿನ ತಿಂಡಿಯನ್ನು ಹನ್ನೊಂದು ಗಂಟೆಗೆ ತಿಂದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬ್ರಂಚ್ ಎಂಬ ಇಂಗ್ಲಿಷ್ ಪದ ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು 1895ರ ಸುಮಾರಿಗೆ. ಆ ಊರಿನವರಿಗೆ ಅದಕ್ಕೂ ಮೊದಲೇ 'ಗಾಬೆಲ್‌ಫ್ರ್ಯೂಷ್ಟ್ಯುಕ್' ಅಂತ ಒಂದಿತ್ತು. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಫೋರ್ಕ್ ಹಿಡಿದು ತಿನ್ನುವಂಥ ಗಟ್ಟಿ ಎರಡನೇ ತಿಂಡಿ. ಈಗ ಆ ಪದ ಹಳಬರ ಬಾಯಲ್ಲಿ ಮಾತ್ರ ಉಳಿದಿರಬೇಕು. ಆದರೆ ಆ ಹೊತ್ತಿಗೆ ನಿಧಾನವಾಗಿ ಕೂತು ತಿನ್ನುವ ಅಭ್ಯಾಸ ಎಲ್ಲಿಯೂ ಹೋಗಿಲ್ಲ.

ನಮಗೆ ಅದು ಬೇಕಾಗಿದ್ದಕ್ಕೆ ಕಾರಣ ಸರಳ. ಹೋದ ಅಕ್ಟೋಬರಿನಲ್ಲಿ ಆಫೀಸಿನ ತರಬೇತಿಗೆಂದು ಆರು ದಿನ ವಿಯೆನ್ನಾಕ್ಕೆ ಹೋಗಬೇಕಾಯಿತು. ತರಬೇತಿ ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ. ಅಮ್ಮ ಹೋದ ಮೇಲೆ ಡೊಂಬಿವಿಲಿಯ ಮನೆಯಲ್ಲಿ ಒಬ್ಬರೇ ಇರುವ ಅಪ್ಪಯ್ಯನನ್ನೂ ಜೊತೆಗೆ ಕರೆದುಕೊಂಡು ಹೋದೆ. ಉಳಿದುಕೊಂಡ ಕಡೆ ತಿಂಡಿ ಇರಲಿಲ್ಲ. ಅಂದಮೇಲೆ ಹತ್ತೂವರೆ ಹನ್ನೊಂದಕ್ಕೆ ಒಂದು ಸಲ ಸರಿಯಾಗಿ ತಿಂದರೆ ರಾತ್ರಿಯವರೆಗೆ ನಡೆಯಬೇಕು. ಅದರ ಮೇಲೆ ಅಪ್ಪಯ್ಯನಿಗೆ ಮಾಂಸವೂ ಆಗದು, ಮೊಟ್ಟೆಯೂ ಆಗದು. 'ಓನೆ ಫ್ಲೈಷ್, ಓನೆ ಐ' ಅಂತ ಎರಡು ಮಾತು ಬಾಯಿಪಾಠ ಮಾಡಿಕೊಂಡೆ. ಮಾಂಸವಿಲ್ಲದೆ, ಮೊಟ್ಟೆಯಿಲ್ಲದೆ ಎಂದರ್ಥ. ಈ ಎರಡೇ ಮಾತಿನಲ್ಲಿ ಆರು ದಿನ ಕಳೆದೆವು ಅಂದರೆ ನಂಬಿ.

ಅಪ್ಪಯ್ಯನ ಬಗ್ಗೆ ಇಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. 1963ರಲ್ಲಿ, ಹನ್ನೆರಡು ವರ್ಷದ ಹುಡುಗ, ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ನಿಂತವರು. ರಾತ್ರಿ ಶಾಲೆಯಲ್ಲಿ ಓದಿದರು. ಆಮೇಲೆ ಮಾಣಿ, ಕೊನೆಗೆ ಗಲ್ಲಾ. ಒಟ್ಟು ನಲವತ್ತಾರು ವರ್ಷ. ಇಷ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇದಕ್ಕಿಂತ ಹೆಚ್ಚು ಅವರು ಹೇಳಿದವರಲ್ಲ, ನಾವೂ ಕೇಳಿದವರಲ್ಲ.

ಮೊದಲನೇ ದಿನ ಎಲ್ಲರೂ ಹೋಗುವ ಕಡೆಗೇ ಹೋದೆವು. ಹೆರೆನ್‌ಗಾಸೆಯ ಕೆಫೆ ಸೆಂಟ್ರಾಲ್ 1876ರದ್ದು. ಅರಮನೆಯಂಥ ಕಟ್ಟಡ, ಕಮಾನುಗಳು, ಬಾಗಿಲ ಬಳಿ ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕನ ಗೊಂಬೆ. ಆತ ಆ ಕೆಫೆಯನ್ನೇ ತನ್ನ ಅಂಚೆ ವಿಳಾಸ ಮಾಡಿಕೊಂಡಿದ್ದನಂತೆ. ಟ್ರಾಟ್ಸ್ಕಿ ಕೂಡ ಇಲ್ಲಿ ಕೂರುತ್ತಿದ್ದ. ಆದರೆ ನಾವು ಕಂಡಿದ್ದು ರಸ್ತೆಯವರೆಗೆ ಬಂದ ಸಾಲು, ಫೋನ್ ಎತ್ತಿ ಹಿಡಿದ ಕೈಗಳು. ಭಾನುವಾರದ ಮಾಟುಂಗ ನೋಡಿದವರಿಗೆ ಸಾಲು ಹೊಸದಲ್ಲ. ಮಾಟುಂಗದ ಸಾಲು ಸರಸರ ಕರಗುತ್ತದೆ, ಇದು ಕರಗಲಿಲ್ಲ. ಹೊರಗಿನಿಂದಲೇ ನೋಡಿ, ಹತ್ತಿರದ ಇನ್ನೊಂದು ಸಾಧಾರಣ ಕೆಫೆಗೆ ನುಗ್ಗಿದೆವು. ಅಪ್ಪಯ್ಯ ಬನ್ನು ತಿಂದು, ಕಾಫಿ ಎರಡೇ ಗುಟುಕಿಗೆ ಮುಗಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಎದ್ದೇಬಿಟ್ಟರು.

"ಏಳ್ ಮಗಾ, ಜನ ಕಾಯ್ತಿದ್ರ್."

ಯಾರೂ ಕಾಯುತ್ತಿರಲಿಲ್ಲ. ಅರ್ಧ ಕೆಫೆ ಖಾಲಿ ಇತ್ತು.

ಎರಡನೇ ದಿನದಿಂದ ನಾನು ಹುಡುಕುವ ಕ್ರಮ ಬದಲಾಯಿಸಿದೆ. ಸೇಂಟ್ ಸ್ಟೀಫನ್ ಚರ್ಚಿನ ಸುತ್ತಲಿನ ಬೀದಿಗಳನ್ನು ಬಿಟ್ಟು, ಹಳೆ ಊರನ್ನು ಸುತ್ತುವರಿದ ರಿಂಗ್ ರಸ್ತೆ ದಾಟಿದೆವು. ಕಿಟಕಿಯಿಂದ ಇಣುಕಿ ನೋಡುವುದು: ಮರದ ಹಿಡಿಗೆ ಸಿಕ್ಕಿಸಿದ ದಿನಪತ್ರಿಕೆಗಳು ನೇತಾಡುತ್ತಿವೆಯೇ, ಒಬ್ಬರೇ ಕೂತ ವಯಸ್ಸಾದವರು ಇದ್ದಾರೆಯೇ, ಮೆನುವಿನಲ್ಲಿ ಚಿತ್ರಗಳು ಇಲ್ಲವೇ. ಮೂರೂ ಸರಿಯಿದ್ದರೆ ಒಳಗೆ ಹೋಗಬಹುದು. ಮೆನುವಿನಲ್ಲಿ ತಿಂಡಿ ಎಷ್ಟು ಗಂಟೆಯವರೆಗೆ ಎಂದು ಬರೆದಿರುತ್ತಾರೆ, ಅದನ್ನು ಮೊದಲು ನೋಡಿ. ಕೆಲವು ಕಡೆ ಹನ್ನೊಂದಕ್ಕೇ ಮುಗಿಯುತ್ತದೆ.

ಹೀಗೆ ಸಿಕ್ಕಿದ್ದು ಗುಂಪೆನ್‌ಡಾರ್ಫರ್ ಬೀದಿಯ ಕೆಫೆ ಸ್ಪೆರ್ಲ್. 1880ರದ್ದು. ಒಳಗೆ ಬಿಲಿಯರ್ಡ್ಸ್ ಮೇಜುಗಳು, ಸವೆದ ಸೋಫಾಗಳು, ಅಮೃತಶಿಲೆಯ ಪುಟ್ಟ ಮೇಜುಗಳು. ವೀನರ್ ಫ್ರ್ಯೂಷ್ಟ್ಯುಕ್ ಅಂದರೆ ವಿಯೆನ್ನಾ ತಿಂಡಿ: ಗರಿಗರಿ ಸೆಮೆಲ್ ಬನ್ನು, ಬೆಣ್ಣೆ, ಜ್ಯಾಮು, ಒಂದು ಬೆಂದ ಮೊಟ್ಟೆ, ಕಾಫಿ. ಅಪ್ಪಯ್ಯನ ಮೊಟ್ಟೆ ನನ್ನ ತಟ್ಟೆಗೆ, ನನ್ನ ಜ್ಯಾಮು ಅವರ ತಟ್ಟೆಗೆ. ಜೊತೆಗೆ ಚೀಸು, ಮೊಸರು-ಹಣ್ಣು ತರಿಸಿದರೆ ರಾತ್ರಿಯವರೆಗೆ ಚಿಂತೆಯಿಲ್ಲ. ಕಾಫಿಗೆ ಮೆಲಾಂಜ್ ಹೇಳಿ, ಅರ್ಧ ಕಾಫಿ, ಅರ್ಧ ಹಾಲು, ಮೇಲೆ ನೊರೆ. ಬೆಳ್ಳಿಬಣ್ಣದ ಟ್ರೇಯಲ್ಲಿ ಬರುತ್ತದೆ, ಪಕ್ಕದಲ್ಲಿ ಒಂದು ಲೋಟ ನೀರು. ಆಲ್ಪ್ಸ್ ಬುಗ್ಗೆಗಳ ನೀರನ್ನು 1873ರಿಂದ ಕೊಳವೆಯಲ್ಲಿ ತರುವ ಊರು ಅದು, ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು. ಅಪ್ಪಯ್ಯನ ತೀರ್ಪು: "ಡಿಕಾಕ್ಷನ್ ಲಾಯ್ಕಿತ್ತ್. ಬಿಸಿ ಸಾಲ." ಅದನ್ನು ನಾನೂ ಒಪ್ಪುತ್ತೇನೆ.

ಕಾಫಿ ಮುಗಿಯಿತು. ಏಳಲು ಹೊರಟವರನ್ನು ಕೈಹಿಡಿದು ಕೂರಿಸಿದೆ. ಇಲ್ಲಿ ನಾವಾಗಿ ಕೇಳದೆ ಬಿಲ್ಲು ತರುವುದಿಲ್ಲ, ಒಂದು ಕಾಫಿಗೆ ಮೂರು ಗಂಟೆ ಕೂತರೂ ಏಳಿ ಅನ್ನುವುದಿಲ್ಲ, ಈ ಪದ್ಧತಿಯನ್ನೇ 2011ರಲ್ಲಿ ಆಸ್ಟ್ರಿಯಾ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ ಎಂದೆಲ್ಲ ವಿವರಿಸಿದೆ. ದೋಸೆ ಇನ್ನೂ ಬಾಯಲ್ಲಿರುವಾಗಲೇ ಬಿಲ್ಲು ಇಡುವುದನ್ನು ಹತ್ತಾರು ಹುಡುಗರಿಗೆ ಕಲಿಸಿದ ಮನುಷ್ಯ ಅವರು. ನಂಬಲೇ ಇಲ್ಲ.

"ಹಾಂಗಾರೆ ಬಾಡಿಗೆ ಹ್ಯಾಂಗ್ ಕೊಡ್ತ್ರ್?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಮೇಜುಗಳನ್ನು ಎಣಿಸತೊಡಗಿದರು. ಎಷ್ಟು ಮೇಜು, ಎಷ್ಟು ಜನ, ಮಾಣಿಗಳೆಷ್ಟು, ಒಂದು ತಾಸಿಗೆ ಎಷ್ಟು ಕಾಫಿ. ಲೆಕ್ಕ ಹಾಕುತ್ತಾ ಹಾಕುತ್ತಾ ಕುರ್ಚಿಯ ಬೆನ್ನಿನ ಮೇಲೆ ಕೈ ಆಡಿಸಿದರು. ಬಾಗಿಸಿದ ಮರದ, ದುಂಡು ಆಸನದ ಕುರ್ಚಿ. "ಇದ್ ನಮ್ಮ ಎದುರಿನ ಇರಾನಿದ್" ಅಂದರು.

ತಪ್ಪಲ್ಲ. ಮರವನ್ನು ಹಬೆಯಲ್ಲಿ ಬಾಗಿಸುವ ಈ ಕುಶಲವನ್ನು ಬೆಳೆಸಿದ ಮೈಕೆಲ್ ಥೋನೆಟ್ 1842ರಲ್ಲಿ ವಿಯೆನ್ನಾಕ್ಕೆ ಬಂದವನು. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿಗೆ ಬರೀ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಸಿ ತುಂಬಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿತ್ತು. ಹಡಗು ಹತ್ತಿಸಲು ಅದಕ್ಕಿಂತ ಅನುಕೂಲದ ಸಾಮಾನು ಯಾವುದಿದೆ? ಮುಂಬಯಿಯ ಇರಾನಿ ಕೆಫೆಗಳಲ್ಲಿ ನಾವೆಲ್ಲ ಕೂತು ಬನ್‌ಮಸ್ಕಾ ತಿಂದಿರುವುದು ಇದೇ ಜಾತಿಯ ಕುರ್ಚಿಗಳ ಮೇಲೆ.

ಇದನ್ನು ಹೇಳುತ್ತಿದ್ದಾಗ ಅಪ್ಪಯ್ಯನ ಕೈ ಕುರ್ಚಿಯಿಂದ ಮೇಜಿಗೆ ಬಂದಿತ್ತು. ಅಂಗೈ ಪೂರ್ತಿ ಅಮೃತಶಿಲೆಯ ಮೇಲಿಟ್ಟಿದ್ದರು.

"ಇದ್ರ್ ಮೇಲೇ ಮನಿಕಂತಿದ್ದೆ" ಅಂದರು.

ರಾತ್ರಿ ಹೋಟೆಲು ಮುಚ್ಚಿದ ಮೇಲೆ ಎರಡು ಮೇಜು ಜೋಡಿಸಿ ಅದರ ಮೇಲೆ ಮಲಗುವುದು. ನೆಲ ತೊಳೆದಿರುತ್ತಿದ್ದರಿಂದ ಒದ್ದೆ. ಚಳಿಗಾಲದಲ್ಲಿ ಕಲ್ಲು ಕೊರೆಯುತ್ತಿತ್ತು, ಗೋಣಿಯ ಮೇಲೆ ಹಳೆ ಪೇಪರು ಹಾಸುತ್ತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಹಾಲಿನವನು ಬಾಗಿಲು ತಟ್ಟುವ ಮೊದಲು ಎದ್ದು, ಮೇಜು ಒರೆಸಿ, ಬಿಡಿಸಿ ಇಡಬೇಕು. ಎಷ್ಟು ವರ್ಷ ಹಾಗೆ ಎಂದು ಕೇಳಿದೆ. ಆರು ವರ್ಷ. ಅಮ್ಮನಿಗೆ ಗೊತ್ತಿತ್ತಾ? "ಅವಳ್ ಕೇಣ್ಲಿಲ್ಲ. ಕೇಂಬುಕೆ ಪುರುಸೊತ್ತ್ ಎಲ್ಲಿತ್ತ್?" ಅಂದರು. ಇಷ್ಟು ವರ್ಷ ನನಗೆ ಗೊತ್ತಿದ್ದಿದ್ದು ಅವರು ನಾಲ್ಕೂವರೆಗೆ ಏಳುತ್ತಾರೆ ಎನ್ನುವುದೊಂದೇ. ಈಗಲೂ, ಎಪ್ಪತ್ತು ದಾಟಿದ ಮೇಲೂ.

ಅಲ್ಲಿಂದ ಮುಂದೆ ಬ್ರಂಚಿನ ಹುಡುಕಾಟ ನನಗೆ ತಿಂಡಿಯ ಹುಡುಕಾಟವಾಗಿ ಉಳಿಯಲಿಲ್ಲ. ಅಪ್ಪಯ್ಯ ಏಳದೆ ಕೂರುವ ಜಾಗ ಬೇಕಿತ್ತು. ಡೊರೊಟೀರ್‌ಗಾಸೆಯ ಹಾವೆಲ್ಕಾ ಕತ್ತಲು ಕತ್ತಲು, ಅದರ ಹೆಸರುವಾಸಿ ಬುಖ್ಟೆಲ್ನ್ ಬನ್ನು ಹೇಗೂ ರಾತ್ರಿಯ ತಿಂಡಿ. ಬೇಗ ಎದ್ದೆವು. ಸ್ಟುಬೆನ್‌ರಿಂಗಿನ ಪ್ರ್ಯೂಕೆಲ್ 1950ರ ದಶಕದ ಒಳಾಂಗಣದ್ದು, ದೊಡ್ಡ ಕಿಟಕಿ, ಬೇಕಾದಷ್ಟು ಬೆಳಕು. ಅಲ್ಲಿ ಎರಡು ತಾಸು. ಶನಿವಾರ ನಾಶ್‌ಮಾರ್ಕ್ಟ್. ವೀನ್ ನದಿಯನ್ನು ಮುಚ್ಚಿ ಅದರ ಮೇಲೆ ನಡೆಯುವ ಸಂತೆ. ಆಲಿವ್, ಒಣಹಣ್ಣು, ಹಮ್ಮುಸ್. ಶನಿವಾರ ಪಕ್ಕದಲ್ಲೇ ಹಳೆ ಸಾಮಾನಿನ ಸಂತೆಯೂ ಉಂಟು. ಫಲಾಫೆಲ್ ಮುರಿದು ನೋಡಿದ ಅಪ್ಪಯ್ಯ, ಆಂಬೊಡೆಗೆ ಕಡ್ಲೆಬೇಳೆ ಬಿಟ್ಟು ಕಾಬೂಲಿ ಕಡ್ಲೆ ಹಾಕಿದ್ದಾರೆ ಅಂತ ಆಕ್ಷೇಪಿಸಿ ಆರು ತಿಂದರು. ಸಸ್ಯಾಹಾರಿಗಳಿಗೆ ಇಡೀ ಊರಿನಲ್ಲಿ ಇಷ್ಟು ಸಲೀಸಾದ ಜಾಗ ನನಗೆ ಬೇರೆ ಸಿಗಲಿಲ್ಲ. ಭಾನುವಾರ ಮಾತ್ರ ಸಂತೆ ಇಲ್ಲ, ಅಂಗಡಿಗಳೂ ಬಹುಪಾಲು ಮುಚ್ಚಿರುತ್ತವೆ. ನೆನಪಿಡಿ.

ಕೊನೆಯ ದಿನ ಮತ್ತೆ ಸ್ಪೆರ್ಲ್. ವಿಯೆನ್ನಾದ ಕಾಫಿಮನೆಗಳಲ್ಲಿ ಬಡಿಸುವವರನ್ನು ಗಿರಾಕಿಗಳು 'ಹೆರ್ ಓಬರ್' ಅಂತ ಕರೆಯುತ್ತಾರೆ. 'ಹೆರ್' ಅಂದರೆ ನಮ್ಮ 'ಶ್ರೀ' ಇದ್ದ ಹಾಗೆ. ಕಪ್ಪು ಕೋಟು, ಬೋ ಟೈ, ಮುಖದಲ್ಲಿ ಅಷ್ಟೇನೂ ನಗು ಇಲ್ಲ. ಆ ಗತ್ತಿಗೂ ಅವರು ಹೆಸರಾದವರು. ಅಪ್ಪಯ್ಯನಿಗೆ ಇದು ಎಲ್ಲಕ್ಕಿಂತ ಹೆಚ್ಚು ಹಿಡಿಸಿತ್ತು. ನಲವತ್ತು ದಾಟಿ, ಮೂರು ಮಕ್ಕಳ ತಂದೆಯಾದ ಮೇಲೂ ಅವರನ್ನು ಗಿರಾಕಿಗಳು ಕರೆಯುತ್ತಿದ್ದದ್ದು 'ಏ ಬಾಯ್' ಅಂತ, ಮಾಲೀಕರು 'ಮಾಣಿ' ಅಂತ.

ನಮ್ಮ ಮೇಜಿಗೆ ಬಂದವರು ಅರವತ್ತರ ಹತ್ತಿರದವರು. ತಿಂದಾದ ಮೇಲೆ ಅಪ್ಪಯ್ಯ ಅಭ್ಯಾಸಬಲದಿಂದ ತಟ್ಟೆಗಳನ್ನು ಜೋಡಿಸಿದರು. ದೊಡ್ಡದು ಕೆಳಗೆ, ಬಸಿಗಳು ಮೇಲೆ, ಚಮಚಗಳೆಲ್ಲ ಒಂದೇ ದಿಕ್ಕಿಗೆ, ಕಪ್ಪಿನ ಹಿಡಿ ಬಲಗೈಗೆ ಸಿಗುವ ಹಾಗೆ. ಆತ ಒಂದು ಕ್ಷಣ ನೋಡಿ, ಅಪ್ಪಯ್ಯನತ್ತ ಬೆರಳು ತೋರಿಸಿ, "ಕೊಲ್ಲೇಗೆ?" ಎಂದು ಕೇಳಿದರು. ಸಹೋದ್ಯೋಗಿಯೇ ಎಂದು. ನಾನು ಹೌದೆಂದೆ. ನಲವತ್ತಾರು ವರ್ಷ ಎಂದೆ. ಆತ ತಲೆಬಾಗಿಸಿದರು. ತಮ್ಮದು ಮೂವತ್ತೊಂದು ಅಂದರು, ಇಂಗ್ಲಿಷಿನಲ್ಲಿ.

"ಅವ್ರಿಗೆ ಪ್ರಾವಿಡೆಂಟ್ ಫಂಡ್ ಇತ್ತಾ ಕೇಣ್" ಅಂದರು ಅಪ್ಪಯ್ಯ.

ಕೇಳಿದೆ. ಪಿಂಚಣಿ ಇದೆಯಂತೆ, ವರ್ಷಕ್ಕೆ ಐದು ವಾರ ಸಂಬಳದ ರಜೆಯೂ. ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನಿಂದ ತಾವೇ ನೋಟು ತೆಗೆದು ಬಿಲ್ಲಿಗೆ ಹತ್ತು ಪರ್ಸೆಂಟ್ ಸೇರಿಸಿ ಕೊಟ್ಟರು. ಅಲ್ಲಿಯ ರೂಢಿ ಅಷ್ಟೇ ಎಂದು ಮೂರನೇ ದಿನವೇ ಕೇಳಿ ತಿಳಿದುಕೊಂಡಿದ್ದರು.

ಒಂದೂಕಾಲಾಗಿತ್ತು. ನನಗೆ ತರಬೇತಿಗೆ ಹೊರಡಬೇಕು. ನಾವಿದ್ದ ಜಾಗ ಅಲ್ಲಿಂದ ಎರಡು ಬೀದಿ ಆಚೆ. ಬನ್ನಿ, ಬಿಟ್ಟು ಹೋಗುತ್ತೇನೆ ಅಂದೆ.

"ನೀನ್ ಹೋಯ್ಕಂಡ್ ಬಾ. ನಾ ಇನ್ನೊಂದ್ ಚೂರ್ ಕೂಕಂತೆ."

ಬಾಗಿಲಲ್ಲಿ ತಿರುಗಿ ನೋಡಿದೆ. ಆತ ಕೇಳದೆಯೇ ಇನ್ನೊಂದು ಲೋಟ ನೀರು ತಂದಿಟ್ಟಿದ್ದರು. ಅಪ್ಪಯ್ಯ ಮರದ ಹಿಡಿಯ ಜರ್ಮನ್ ಪೇಪರೊಂದನ್ನು ತೆಗೆದುಕೊಂಡು, ಕನ್ನಡಕ ಹಾಕಿ, ಚಿತ್ರಗಳನ್ನು ನೋಡುತ್ತಿದ್ದರು.