ಮುಗಿಯಿತು, ಮುಗಿಸಿದ, ಮುಗಿಸಿಕೊಂಡ

ಕನ್ನಡದ ‘ಮುಳುಗು’ ಎಂಬ ಕ್ರಿಯಾಪದ ತನ್ನೊಳಗೆ ಎರಡು ಸುದ್ದಿ ಇಟ್ಟುಕೊಂಡಿದೆ. ಬೇಕೆಂದೇ ನೀರಿನೊಳಗೆ ಹೋದವನೂ ಮುಳುಗಿದ, ಬೇಡದೆ ಹೋಗಿ ವಾಪಸು ಬಾರದವನೂ ಮುಳುಗಿದ. ಪತ್ರಿಕೆಗಳಲ್ಲಿ ಬರುವ ‘ಮುಳುಗು ತಜ್ಞ’ ಎಂಬ ಮಾತನ್ನೇ ನೋಡಿ. ಆತ ಹವಳ ನೋಡಲು ಹೋಗುವವನಲ್ಲ. ಹೊಳೆಯಲ್ಲೋ ಕೆರೆಯಲ್ಲೋ ಯಾರಾದರೂ ಹೋದಮೇಲೆ ಪೊಲೀಸರು ಕರೆಸುವವನು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ರಾಡಿ ನೀರಿಗೆ ಇಳಿದ ಈಶ್ವರ ಮಲ್ಪೆಯವರನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಕುಮಟಾ ಕಡೆಯಿಂದ ಬಂದ ನನ್ನಂಥವರಿಗೆ ಡೈವಿಂಗ್ ಎಂದರೆ ಮೊದಲು ನೆನಪಾಗುವುದು ದಡದಲ್ಲಿ ಸುಮ್ಮನೆ ನಿಂತ ಜನ. ಮೋಜು, ಬಣ್ಣದ ಮೀನು ಎಲ್ಲ ಆಮೇಲೆ.

ಹೋದ ವರ್ಷ ಈ ಪದದ ಜೊತೆ ಎರಡು ತಿಂಗಳು ಗುದ್ದಾಡುವ ಪ್ರಸಂಗ ಬಂತು. ಕರಾವಳಿಯಲ್ಲಿ ಪ್ರವಾಸಿಗರನ್ನು ಸ್ಕೂಬಾಕ್ಕೆ ಕರೆದೊಯ್ಯುವ ಒಂದು ಸಂಸ್ಥೆಯವರು ಪುಣೆಯಲ್ಲಿರುವ ನನಗೆ ಅನುವಾದದ ಕೆಲಸ ಕೊಟ್ಟರು. ಒಂದು ಸುರಕ್ಷತಾ ಕೈಪಿಡಿ, ಒಂದು ಆರೋಗ್ಯ ಪ್ರಶ್ನಾವಳಿ, ಹೆಸರು ತೆಗೆದ ಇಪ್ಪತ್ತು ಅಪಘಾತ ವರದಿಗಳು. ನೀರಿಗಿಳಿಯುವ ಗೈಡುಗಳಿಗೆ ಇಂಗ್ಲಿಷ್ ಸಾಕಿತ್ತು. ದೋಣಿಯ ಮೇಲೆ ಉಳಿಯುವವರಿಗೆ, ಅಂದರೆ ದೋಣಿ ನಡೆಸುವವನು, ಲಂಗರು ಹಾಕುವ ಹುಡುಗ, ಸಿಲಿಂಡರ್ ತುಂಬಿಸುವವನು ಇವರಿಗೆ ಕನ್ನಡ ಬೇಕಿತ್ತು. ದೂರದಲ್ಲಿ ಒಂದು ತಲೆ ಮೇಲೆ ಬಂದು ಕೈ ಬೀಸಿದರೆ ಮೊದಲು ಕಾಣುವುದು ಇವರಿಗೇ ತಾನೆ.

ಮೊದಲ ವರದಿಯ ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಇಂಗ್ಲಿಷಿನಲ್ಲಿ ‘ಔಟ್ ಆಫ್ ಏರ್’ ಎಂದಿತ್ತು. ಕನ್ನಡದಲ್ಲಿ ಅದಕ್ಕೆ ಮೂರು ದಾರಿ. ‘ಗಾಳಿ ಮುಗಿಯಿತು’ ಎಂದರೆ ಮಳೆ ಬಂದಂತೆ, ಯಾರ ಕೈಯೂ ಇಲ್ಲ. ‘ಗಾಳಿ ಮುಗಿಸಿದ’ ಎಂದರೆ ಕೆಲಸ ಅವನದು. ‘ಗಾಳಿ ಮುಗಿಸಿಕೊಂಡ’ ಎಂದರೆ ಕತೆಯೇ ಬೇರೆ. ಭಾಷಾಶಾಸ್ತ್ರ ಓದುವಾಗ ಈ ‘ಕೊಳ್ಳು’ವನ್ನು ಕ್ರಿಯೆಯ ಫಲವನ್ನು ಮಾಡಿದವನ ಕಡೆಗೇ ತಿರುಗಿಸುವ ಸಹಾಯಕ ಕ್ರಿಯಾಪದ ಎಂದು ಕಲಿತಿದ್ದೆ. ಮನೆಯಲ್ಲಿ ಅದನ್ನು ಇನ್ನೂ ಮೊದಲೇ ಕಲಿತಿದ್ದೆ: ಮಾಡಿಕೊಂಡದ್ದುಣ್ಣೋ ಮಹರಾಯ. ಒಂದೇ ಸಾವಿಗೆ ಒಂದು ಪ್ರತ್ಯಯ ಹಣೆಬರಹವನ್ನು ತರುತ್ತದೆ, ಇನ್ನೊಂದು ಅಪರಾಧವನ್ನು ತರುತ್ತದೆ. ದೋಣಿಯ ಹುಡುಗನಿಗೆ ಎರಡರಿಂದಲೂ ಪ್ರಯೋಜನವಿಲ್ಲ. ನಾಳೆ ಬೆಳಿಗ್ಗೆ ತಾನು ಏನು ನೋಡಬೇಕು ಎಂಬುದು ಎರಡರಲ್ಲೂ ಇಲ್ಲ.

ಅಂದಹಾಗೆ ಆ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ನಾವು ನೀವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಪತ್ರಿಕೆಗಳು ಬರೆಯುವಂತೆ ಆಮ್ಲಜನಕವಲ್ಲ. ಬರೀ ಆಮ್ಲಜನಕ ಉಸಿರಾಡುತ್ತ ಆರೇಳು ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು.

ಕೆಲಸಕ್ಕೆಂದು ಓದುತ್ತ ಹೋದಾಗ ಕಂಡಿದ್ದು ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಹವ್ಯಾಸಿ ಡೈವರ್‌ಗಳ 947 ಸಾವುಗಳನ್ನು ಅವರು ಕೈಗೆತ್ತಿಕೊಂಡಿದ್ದರು. ಮರಣಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಮಾತು ‘ಮುಳುಗಿ ಸಾವು’. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನೀರಿನಲ್ಲಿ ಪ್ರಜ್ಞೆ ತಪ್ಪಿದವರೆಲ್ಲ ಕೊನೆಗೆ ಮುಳುಗಿಯೇ ಸಾಯುತ್ತಾರೆ, ಹೃದಯಾಘಾತವಾದವನೂ ಬಲೆಗೆ ಸಿಕ್ಕಿದವನೂ. ಹಾಗಾಗಿ ಅವರು ಪ್ರತಿ ಸಾವನ್ನೂ ನಾಲ್ಕು ಮೆಟ್ಟಿಲಾಗಿ ಬಿಡಿಸಿದರು: ಮೊದಲು ತೊಡಕು ಶುರುವಾದದ್ದು ಎಲ್ಲಿ, ಅದರಿಂದ ಕೈಮೀರಿದ್ದು ಏನು, ದೇಹಕ್ಕೆ ಆದ ಪೆಟ್ಟು ಯಾವುದು, ಕೊನೆಗೆ ಸಾವಿನ ಕಾರಣ. ಶುರು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ. 41ರಲ್ಲಿ ಗಾಳಿ ಸಾಲದಾಗಿತ್ತು. ಶೇ. 20ರಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಸಲಕರಣೆ ಕೈಕೊಟ್ಟದ್ದು ಶೇ. 15 ಮಾತ್ರ. ಎರಡನೆಯ ಮೆಟ್ಟಿಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಇದ್ದದ್ದು ಒಂದೇ: ಗಡಿಬಿಡಿಯಲ್ಲಿ ಮೇಲಕ್ಕೆ ಏರಿದ್ದು.

ಮೇಲೆ ಹೋದರೆ ಬದುಕು ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗಿ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳಿಗೆ. ಬಾವಿಯಲ್ಲಿ ಹೊಳೆಯಲ್ಲಿ ಈಜು ಕಲಿತ ನಮಗೆ ನೀರೊಳಗೆ ಉಸಿರು ಹಿಡಿಯುವುದೇ ರೂಢಿ. ಸ್ಕೂಬಾದ ಮೊದಲ ಪಾಠ ಆ ರೂಢಿಯನ್ನು ಬಿಡಿಸುವುದು: ಉಸಿರು ಎಂದಿಗೂ ನಿಲ್ಲಿಸಬೇಡ.

ಈ ಮೆಟ್ಟಿಲುಗಳನ್ನು ಹಿಂದಕ್ಕೆ ಇಳಿಯುವುದು ಹೇಗೆ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಡೇವ್ ಶಾ ಅವರ ಸಾವಿನಿಂದ. ಶಾ ಆಸ್ಟ್ರೇಲಿಯಾದವರು, ವಿಮಾನದ ಪೈಲಟ್. 2004ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್ ಎಂಬ ನೀರು ತುಂಬಿದ ಗುಹೆಯಲ್ಲಿ ಸುಮಾರು 270 ಮೀಟರ್ ಆಳದ ತಳ ಮುಟ್ಟಿದರು. ಅಲ್ಲಿ ಅವರ ದೀಪಕ್ಕೆ ಕಂಡದ್ದು ಹತ್ತು ವರ್ಷದ ಹಿಂದೆ ಅದೇ ಗುಹೆಯಲ್ಲಿ ಸತ್ತ ಇಪ್ಪತ್ತರ ಯುವಕನೊಬ್ಬನ ದೇಹ. ಅದನ್ನು ಮೇಲೆ ತಂದುಕೊಡುತ್ತೇನೆ ಎಂದು ತಂದೆತಾಯಿಗೆ ಹೇಳಿದರು. 2005ರ ಜನವರಿ 8ರಂದು ಮತ್ತೆ ಇಳಿದರು. ಬರಲಿಲ್ಲ.

ಈ ಸುದ್ದಿಯನ್ನು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಹೇಳಿದರೆ ತೀರ್ಪು ಒಂದು ನಿಮಿಷದಲ್ಲಿ ಬರುತ್ತದೆ: ಯಾರು ಹೇಳಿದ್ದರು ಅವನಿಗೆ ಅಲ್ಲಿಗೆ ಹೋಗು ಅಂತ? ಆದರೆ ಅವರ ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇತ್ತು. ಕೊನೆಯ ಉಸಿರಿನ ಸದ್ದಿನವರೆಗೂ ಅದರಲ್ಲಿ ದಾಖಲಾಗಿತ್ತು. ಗೆಳೆಯರು ಅದನ್ನು ಕೂತು ನೋಡಿದರು. ದೇಹ ಕೆಸರಿನಲ್ಲಿ ಹುಗಿದುಕೊಂಡ ಅಸ್ಥಿಪಂಜರವಾಗಿರುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಅದು ಬಿಡಿಸಿಕೊಂಡು ತೇಲತೊಡಗಿತು. ಶಾ ಸಾಮಾನ್ಯವಾಗಿ ಕೈದೀಪದ ವೈರನ್ನು ಕುತ್ತಿಗೆಯ ಹಿಂದೆ ಹಾಕಿಕೊಂಡು ಎರಡೂ ಕೈ ಖಾಲಿ ಮಾಡಿಕೊಳ್ಳುತ್ತಿದ್ದರು. ಅವತ್ತು ಕ್ಯಾಮೆರಾದ ಹೆಲ್ಮೆಟ್ ಅಡ್ಡವಿತ್ತು. ದೀಪವನ್ನು ಪಕ್ಕಕ್ಕೆ ಬಿಟ್ಟರು. ಅದು ದಾರಕ್ಕೆ ತೊಡರಿತು. 25 ಪಟ್ಟಿಗೂ ಮೀರಿದ ಒತ್ತಡದಲ್ಲಿ ಉಸಿರಿನ ಅನಿಲ ದಟ್ಟವಾಗಿರುತ್ತದೆ, ಎಳೆಯುವುದು ಬಿಡುವುದೇ ಒಂದು ದುಡಿಮೆ. ತೊಡಕು ಬಿಡಿಸಲು ಕೈಯಾಡಿಸಿದಷ್ಟೂ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತು, ಉಸಿರಿನ ವೇಗ ಹೆಚ್ಚಿತು, ಬುದ್ಧಿ ಮಂಜಾಯಿತು, ಪ್ರಜ್ಞೆ ಹೋಯಿತು. ನಾಲ್ಕು ದಿನಗಳ ನಂತರ ಹಗ್ಗಗಳನ್ನು ಎಳೆದು ತೆಗೆಯುವಾಗ ಇಬ್ಬರ ದೇಹಗಳೂ ಮೇಲೆ ಬಂದವು. ಅದೇ ತೊಡರಿದ ದಾರ ಯುವಕನ ದೇಹವನ್ನೂ ಹಿಡಿದುಕೊಂಡಿತ್ತು.

270 ಮೀಟರಿಗೆ ನಾವ್ಯಾರೂ ಹೋಗುವವರಲ್ಲ. ಆದರೆ ಆ ಹೆಲ್ಮೆಟ್ಟಿನ ಕತೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಯಲ್ಲೂ ಇದೆ. ಹೊಸದೊಂದು ಸಾಮಾನು ಸೇರಿಸಿದಾಗ ಹಳೆಯದೊಂದು ಅಭ್ಯಾಸ ಸದ್ದಿಲ್ಲದೆ ತಪ್ಪುತ್ತದೆ. ಮೊನ್ನೆ ಮೊನ್ನೆ ಕಲಿತವನು ಕೈಯಲ್ಲಿ ಕ್ಯಾಮೆರಾ ಹಿಡಿದರೆ ಗಾಳಿಯ ಮೀಟರು ನೋಡುವ ಕೈ ಯಾವುದು? ‘ಅವನು ಹುಂಬ’ ಎಂದು ಮುಗಿಸಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅವತ್ತು ಅವರಿಗೆ ಹಾಗೆ ಮಾಡುವುದು ಸರಿ ಅನ್ನಿಸಿದ್ದು ಯಾಕೆ ಎಂದು ಕೇಳಿದ್ದರಿಂದ ಹುಟ್ಟಿತು.

ಗುಹೆ ಡೈವರ್‌ಗಳು ಇದನ್ನು ಮುಂಚೆಯೇ ಕಲಿತಿದ್ದರು. ಫ್ಲಾರಿಡಾದ ಗಣಿತದ ಮೇಷ್ಟ್ರು ಶೆಕ್ ಎಕ್ಸ್‌ಲೀ 1979ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಗುಹೆಗಳಲ್ಲಿ ಆದ ಸಾವುಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳಿಂದಲೇ ನಿಯಮ ಹೆಕ್ಕಿದರು. ಹೊರಗಿನವರೆಗೂ ಕಡಿಯದ ದಾರ ಇರಲಿ. ಗಾಳಿಯ ಮೂರನೇ ಒಂದು ಭಾಗದಲ್ಲಿ ಹೋಗು, ಒಂದು ಭಾಗದಲ್ಲಿ ಬಾ, ಒಂದನ್ನು ಮುಟ್ಟಬೇಡ. ಈ ಒಂದೊಂದು ಸಾಲಿನ ಹಿಂದೆಯೂ ಸತ್ತವರಿದ್ದಾರೆ. ಎಕ್ಸ್‌ಲೀ ಸಹ 1994ರಲ್ಲಿ ಮೆಕ್ಸಿಕೋದ ಒಂದು ಆಳದ ಹೊಂಡದಲ್ಲಿ ಸತ್ತರು. ನಿಯಮಗಳು ಉಳಿದವು.

ವಿಮಾನಯಾನದವರು ಇದಕ್ಕೊಂದು ವ್ಯವಸ್ಥೆಯನ್ನೇ ಮಾಡಿದ್ದಾರೆ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ಎಡವಟ್ಟುಗಳನ್ನು ನಾಸಾಕ್ಕೆ ಬರೆದು ಕಳಿಸಬಹುದು. ಹೆಸರು ತೆಗೆದೇ ಅವು ಉಳಿದವರಿಗೆ ಸಿಗುತ್ತವೆ. ಬ್ರಿಟಿಷ್ ಸಬ್ ಆಕ್ವಾ ಕ್ಲಬ್ ಡೈವಿಂಗ್ ಅಪಘಾತಗಳ ವರದಿಯನ್ನು ಪ್ರತಿವರ್ಷ ಹೊರತರುತ್ತದೆ. ಅಲ್ಲಿಯೂ ಹೆಸರಿಲ್ಲ. ಆಳ ಎಷ್ಟು, ಎಷ್ಟು ನಿಮಿಷ, ಆಮೇಲೆ ಏನಾಯಿತು, ಅಷ್ಟೇ. ಹೆಸರು ಹೋದ ಕೂಡಲೇ ಜನ ಬಾಯಿ ಬಿಡುತ್ತಾರೆ.

ಇದು ಎಷ್ಟು ನಿಜ ಎಂದು ನನಗೆ ಗೊತ್ತಾದದ್ದು ನಮ್ಮ ಅಜ್ಜಿಯಿಂದ. ಅಮ್ಮನ ಅಣ್ಣ, ನನ್ನ ದೊಡ್ಡಮಾವ, 1984ರಲ್ಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಅಘನಾಶಿನಿ ಹೊಳೆಯಲ್ಲಿ ಹೋದ. ಸ್ಕೂಬಾ ಅಲ್ಲ, ಏನಲ್ಲ. ಗೆಳೆಯನ ಜೊತೆ ಇಳಿತದ ಹೊತ್ತಿಗೆ ನಡುಹೊಳೆಯ ಹೊಯ್ಗೆ ದಿಬ್ಬಕ್ಕೆ ಹೋಗಿದ್ದ. ನಾನು ಹುಟ್ಟುವ ಮೊದಲಿನ ಮಾತು. ಮನೆಯಲ್ಲಿ ಅದಕ್ಕೆ ಎರಡೇ ವಾಕ್ಯ. ಅಜ್ಜ ಇದ್ದಷ್ಟು ದಿನ ‘ಹಣೆಯಲ್ಲಿ ಬರೆದಿತ್ತು’ ಎನ್ನುತ್ತಿದ್ದ. ಅಮ್ಮ ‘ಗೆಳೆಯ ಬಿಟ್ಟು ಓಡಿಬಂದ’ ಎನ್ನುತ್ತಿದ್ದಳು. ಆ ಗೆಳೆಯ ಎರಡು ಮನೆ ಆಚೆಯವನಾದರೂ ಮತ್ತೆಂದೂ ನಮ್ಮ ಅಂಗಳಕ್ಕೆ ಬರಲಿಲ್ಲವಂತೆ.

ಅನುವಾದದ ಕೆಲಸ ಅರ್ಧವಾಗಿದ್ದಾಗ ಊರಿಗೆ ಹೋಗಿದ್ದೆ. ಅಜ್ಜಿ ಮಧ್ಯಾಹ್ನ ಕವಳ ಕುಟ್ಟುತ್ತ ಕೂತಿದ್ದಳು. ಯಾಕೆ ಹೋದ, ಯಾರು ಕರೆದರು ಎಂದು ಕೇಳಲಿಲ್ಲ. ‘ಅವತ್ತು ಬೆಳಿಗ್ಗೆಯಿಂದ ಏನೇನಾಯ್ತು ಹೇಳು ಅಜ್ಜಿ’ ಎಂದೆ. ಅವಳು ಬೆಳಗಿನಿಂದಲೇ ಶುರು ಮಾಡಿದಳು. ಇಬ್ಬರೂ ವಾರಕ್ಕೆ ಎರಡು ಸಲ ಹೋಗುತ್ತಿದ್ದರು, ಭರತ ಏರುವ ಮೊದಲೇ ಬರುತ್ತಿದ್ದರು. ಗೆಳೆಯನಿಗೆ ಈಜು ಬರುತ್ತಿರಲಿಲ್ಲ. ನೀರು ಏರತೊಡಗಿದಾಗ ‘ನೀನು ಮೊದಲು ದಾಟಿ ದೋಣಿ ಕರಿ’ ಎಂದು ಮಾವನೇ ಅವನನ್ನು ಕಳಿಸಿದ್ದ. ದೋಣಿ ಬಂದಿತ್ತು, ತಡವಾಗಿತ್ತು. ಇಷ್ಟು ಹೇಳಿ ಅಜ್ಜಿ ಕುಟ್ಟುವುದು ನಿಲ್ಲಿಸಿದಳು.

‘ಅವತ್ತು ನೆಂಟರು ಬಂದಿದ್ರು. ಊಟ ತಡ ಆಯ್ತು. ನಾನೇ ಬಡಿಸೂದು ತಡ ಮಾಡ್ದೆ. ದಿನದಂಗೆ ಉಂಡು ಹೋಗಿದ್ರೆ ಭರತಕ್ಕಿಂತ ಮೊದ್ಲೇ ಬರ್ತಿದ್ದ.’

ನಲವತ್ತು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರ ತಪ್ಪು ಎಂದು ಕೇಳುವ ಮನೆಯಲ್ಲಿ ಹೇಗೆ ಹೇಳುತ್ತಾಳೆ? ಆ ಒಂದು ತಾಸಿನ ಲೆಕ್ಕ ಅವಳ ಬಳಿ ಇದ್ದಷ್ಟು ಕಾಲವೂ ಗೆಳೆಯನ ಮೇಲಿನ ಸಿಟ್ಟು ನಮ್ಮ ಬಳಿ ಇತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ ಏನೂ ಹೇಳಲಿಲ್ಲ. ಅಜ್ಜಿಯ ಕೈಯಿಂದ ಕುಟ್ಟಾಣಿ ತೆಗೆದುಕೊಂಡು ತಾನೇ ಕುಟ್ಟಿದಳು. ಗೆಳೆಯ ತೀರಿಹೋಗಿ ಆರು ವರ್ಷವಾಗಿತ್ತು.

ಅಲ್ಲಿಂದ ಬಂದಮೇಲೆ ವರದಿಗಳನ್ನು ಮೊದಲಿನಿಂದ ಮತ್ತೆ ಮಾಡಿದೆ. ‘ಮುಗಿಯಿತು’, ‘ಮುಗಿಸಿದ’, ‘ಮುಗಿಸಿಕೊಂಡ’ ಮೂರನ್ನೂ ಬಿಟ್ಟು, ಒಂದು ಮೆಟ್ಟಿಲು ಹಿಂದೆ ಹೋಗಿ ಬರೆದೆ: ‘ಮೀಟರಿನಲ್ಲಿ ಗಾಳಿ 50ಕ್ಕೆ ಇಳಿದದ್ದನ್ನು ಅವನು ನೋಡಲಿಲ್ಲ, ಆಗ ಅವನು ಕ್ಯಾಮೆರಾ ಸರಿಪಡಿಸುತ್ತಿದ್ದ, ಗೈಡು ನಾಲ್ವರನ್ನು ನೋಡಿಕೊಳ್ಳುತ್ತಿದ್ದ.’ ವಾಕ್ಯ ಉದ್ದವಾಯಿತು. ಸಂಸ್ಥೆಯವರು ಪುಟ ಹೆಚ್ಚಾಯಿತು ಎಂದರು. ದೋಣಿಯವರು ಓದಿ ನೋಡಿದಮೇಲೆ ಒಪ್ಪಿದರು.

ಆರೋಗ್ಯದ ಪ್ರಶ್ನಾವಳಿಯಲ್ಲೂ ಇದೇ ಕೆಲಸ. ‘ನಿಮಗೆ ಉಬ್ಬಸವಿದೆಯೇ?’ ಎಂದರೆ, ಮುಂಗಡ ಕೊಟ್ಟು ಇಷ್ಟು ದೂರ ಬಂದವರು ‘ಇಲ್ಲ’ ಎಂದೇ ಬರೆಯುತ್ತಾರೆ. ಅದು ಸುಳ್ಳೂ ಅಲ್ಲ, ಈಗ ಹತೋಟಿಯಲ್ಲಿದೆಯಲ್ಲ. ‘ಎಂದಾದರೂ ಇನ್ಹೇಲರ್ ಬಳಸಿದ್ದೀರಾ?’ ಎಂದು ಕೇಳಿದರೆ ನಿಜ ಹೊರಬರುತ್ತದೆ, ವೈದ್ಯರನ್ನು ಕೇಳುವ ದಾರಿ ತೆರೆಯುತ್ತದೆ. ಸನ್ನೆಗಳ ಪುಟಕ್ಕೆ ಒಂದು ಸಾಲು ದಪ್ಪ ಅಕ್ಷರದಲ್ಲಿ ಸೇರಿಸಿದೆವು: ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಫೋಟೊಕ್ಕೆ ಹೆಬ್ಬೆರಳು ಎತ್ತಿ ಅಭ್ಯಾಸವಾದ ನಮಗೆ ಇದನ್ನು ದಡದಲ್ಲೇ ಹತ್ತು ಸಲ ಮಾಡಿಸಬೇಕು.

ಈ ಚಳಿಗಾಲಕ್ಕೆ ನಿಮ್ಮಲ್ಲಿ ಕೆಲವರು ಅಂಡಮಾನಿಗೋ ಗೋವಾಕ್ಕೋ ನೇತ್ರಾಣಿಗೋ ಹೋಗುವವರಿದ್ದೀರಿ. ಹೋಗಿ ಬನ್ನಿ. ಫಾರಂ ನಿಜವಾಗಿ ತುಂಬಿ. ಡೈವ್ ಮಾಡಿದ ದಿನವೇ ವಾಪಸು ವಿಮಾನ ಹತ್ತಬೇಡಿ. ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಹೆಚ್ಚು ಮಾಡಿದ್ದರೆ 18 ತಾಸು ಬಿಡಿ. ಯಾವ ಕಾರಣಕ್ಕೂ, ಕಾರಣವೇ ಇಲ್ಲದೆಯೂ, ಬೇಡ ಅನ್ನಿಸಿದರೆ ಹೆಬ್ಬೆರಳು ಎತ್ತಿ. ಯಾಕೆ ಎಂದು ನೀರಿನೊಳಗೆ ಯಾರೂ ಕೇಳುವಂತಿಲ್ಲ. ಆಮೇಲೆ ದೋಣಿಯಲ್ಲಿ ಟವೆಲ್ ಹೊದ್ದು ಕೂತಾಗ ಏನೋ ಸ್ವಲ್ಪ ಎಡವಟ್ಟಾಗಿತ್ತು ಎಂದು ನಿಮ್ಮ ಜೊತೆಗಾರ ಶುರು ಮಾಡಿದರೆ, ನಗಬೇಡಿ, ಬುದ್ಧಿ ಹೇಳಬೇಡಿ. ಮೊದಲಿನಿಂದ ಹೇಳು ಎನ್ನಿ. ಲಂಗರು ಎಳೆಯುವ ಹುಡುಗನಿಗೂ ಕೇಳಿಸಲಿ.