ಗೇರುಹಣ್ಣಿನ ಮೂರು ರುಚಿ

ಗೇರುಹಣ್ಣು ನಮ್ಮ ಕಾಸರಗೋಡು ಸೀಮೆಯವರಿಗೆ ಹೊಸತಲ್ಲ. ಮಾರ್ಚಿಯಿಂದ ಮೇ ತನಕ ಗುಡ್ಡದ ಬದಿಯಲ್ಲಿ ನಡೆಯುವವನ ಮೂಗಿಗೆ ಅದರ ಹುಳಿಗಂಪು ತಾನಾಗಿ ಬಂದು ಮುಟ್ಟುತ್ತದೆ. ಆದರೆ ನಮ್ಮಲ್ಲಿ ಬೆಲೆಯಿರುವುದು ಬೀಜಕ್ಕೆ. ಬೀಜವನ್ನು ತಿರುಚಿ ಚೀಲಕ್ಕೆ ಹಾಕಿದ ಮೇಲೆ ಹಣ್ಣು ಮರದ ಬುಡದಲ್ಲಿಯೇ ಕೊಳೆಯುತ್ತದೆ. ದನ ತಿಂದರೆ ಉಂಟು, ಇಲ್ಲದಿದ್ದರೆ ಮಣ್ಣಿಗೆ. ಮಕ್ಕಳು ನಾಲ್ಕು ಹಣ್ಣು ತಿಂದು ಅಂಗಿಗೆ ಕಲೆ ಮಾಡಿಕೊಳ್ಳುವುದಷ್ಟೇ ಅದರ ಉಪಯೋಗ. ಇದೇ ಹಣ್ಣಿನಿಂದ ಗೋವೆಯವರು ಒಂದೇ ಋತುವಿನಲ್ಲಿ ಮೂರು ಪಾನೀಯಗಳನ್ನು ಇಳಿಸುತ್ತಾರೆಂದು ಕೇಳಿ, ನಾವು ಮೂವರು ಉಪಾಧ್ಯಾಯರು ಬೇಸಿಗೆ ರಜೆಯಲ್ಲಿ ಬೆಳಗಿನ ಗಾಡಿ ಹತ್ತಿ ಮಡಗಾಂವಿಗೆ ಹೊರಟೆವು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇ ಎಂದು ಹುಬ್ಬೇರಿಸುವ ವಾಚಕರು ಇದ್ದಾರು. ಕುಡಿತದಿಂದ ಕೆಟ್ಟ ಮನೆಗಳ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಪ್ರತಿದಿನ ಕೂಗುವವರಿಗೆ ಆ ಹುಬ್ಬಿನ ಅರ್ಥ ತಿಳಿಯದೆ ಇಲ್ಲ. ಕೇರಳವು 1996ರಲ್ಲಿ, ಕರ್ನಾಟಕವು 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದವು. ಕುಡಿಯುವವನು ಕುಡಿಯುವುದನ್ನು ಬಿಡಲಿಲ್ಲ. ಅವನ ಕೈಯ ಸೀಸೆಯ ಮೇಲಿನ ಚೀಟಿ ಬದಲಾಯಿತು. ನಾವು ನೋಡಹೊರಟದ್ದು ಅಂಗಡಿಯ ಸೀಸೆಯನ್ನಲ್ಲ, ಒಂದು ಊರಿನ ಹಣ್ಣು ಆ ಊರಿನವರ ಕೈಯಲ್ಲಿ ಏನಾಗುತ್ತದೆಂಬುದನ್ನು.

ಗೇರುಮರ ಬ್ರೆಜಿಲ್ ದೇಶದ್ದು. ಅದನ್ನು 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ನಮ್ಮ ನೆರೆಯ ಮಲಯಾಳಿಗಳು ಅದನ್ನು ಪರಂಗಿಮಾವು ಎಂದು ಕರೆಯುವುದರಲ್ಲಿ ಈ ಚರಿತ್ರೆಯೆಲ್ಲ ಅಡಗಿದೆ. ಗೋವೆಯಲ್ಲಿ ಗೇರುಗುಡ್ಡಗಳನ್ನು ನೋಡಬೇಕಾದರೆ ಕಡಲ ದಂಡೆಯನ್ನು ಬಿಟ್ಟು ಮೂಡಲಿಗೆ, ಸತ್ತರಿ ತಾಲೂಕಿಗೆ ಹೋಗಬೇಕು. ಪಣಜಿಯಿಂದ ವಾಳಪೈಗೆ ಹೋಗುವ ಬಸ್ಸು ಸಮುದ್ರದ ಗಾಳಿಯನ್ನು ಹಿಂದೆ ಬಿಟ್ಟು ಗುಡ್ಡಗಳ ನಡುವೆ ನುಗ್ಗುತ್ತದೆ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿ ನದಿ ಈ ತಾಲೂಕಿನಲ್ಲಿಯೇ ಹರಿಯುತ್ತದೆ. ಭಟ್ಟಿ ಎಲ್ಲಿದೆಯೆಂದು ನಾವು ಯಾರನ್ನೂ ಕೇಳಬೇಕಾಗಲಿಲ್ಲ. ಹೊಗೆ ಕಾಣುವುದಕ್ಕೆ ಮೊದಲೇ ವಾಸನೆ ದಾರಿ ತೋರಿಸಿತು.

ಅಲ್ಲಿನ ಮೊದಲ ನಿಯಮ, ಹಣ್ಣನ್ನು ಮರದಿಂದ ಕೀಳಬಾರದು. ತಾನಾಗಿ ಬಿದ್ದುದನ್ನೇ ಹೆಕ್ಕಬೇಕು. ಕಿತ್ತ ಹಣ್ಣಿನ ಒಗರು ಕೊನೆಯ ಹನಿಯವರೆಗೂ ಬಿಡುವುದಿಲ್ಲವಂತೆ. ಹೆಂಗಸರು ತುದಿಗೆ ಮೊಳೆ ಹೊಡೆದ ಕೋಲಿನಿಂದ ಹಣ್ಣುಗಳನ್ನು ಚುಚ್ಚಿ ಬುಟ್ಟಿಗೆ ಹಾಕುತ್ತಿದ್ದರು; ಬೆನ್ನು ಬಾಗಿಸುವ ಶ್ರಮ ಅಷ್ಟರಮಟ್ಟಿಗೆ ಉಳಿಯುತ್ತದೆ. ಬೀಜ ಬೇರ್ಪಡಿಸಿದ ಹಣ್ಣನ್ನು ಹಿಂದೆ ಬಂಡೆಯಲ್ಲಿ ಕೊರೆದ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಿದ್ದರು. ಅದಕ್ಕೆ ಅವರ ಮಾತಿನಲ್ಲಿ ಕೊಳಂಬಿ ಎಂದು ಹೆಸರು. ನಾವು ಹೋದಲ್ಲಿ ಕಬ್ಬಿಣದ ಒತ್ತುಯಂತ್ರ ಬಂದಿತ್ತು, ಕೊಳಂಬಿಯೂ ಪಕ್ಕದಲ್ಲಿಯೇ ಇತ್ತು. ಹಿಂಡಿಯನ್ನು ಗುಡ್ಡೆಮಾಡಿ ಬಳ್ಳಿಯಿಂದ ಬಿಗಿದು, ಮೇಲೊಂದು ಭಾರದ ಕಲ್ಲನ್ನು ಹೇರಿದರೆ ಹನಿಹನಿಯಾಗಿ ತಿಳಿರಸ ಇಳಿಯುತ್ತದೆ. ಇದು ನಿರೋ, ಮೊದಲನೆಯ ರುಚಿ. ಇದರಲ್ಲಿ ಮದ್ಯದ ಅಂಶವಿಲ್ಲ. ಸಿಹಿಯ ಹಿಂದೆಯೇ ಗಂಟಲಿಗೆ ತಗಲುವ ಸಣ್ಣ ಒಗರು. ನಮ್ಮ ಊರಿನ ಮುಂಜಾನೆಯ ನೀರಾಕ್ಕಿಂತ ತೆಳ್ಳಗೆ, ಆದರೆ ಪರಿಮಳದಲ್ಲಿ ಮೇಲು. ನೀರಾದಂತೆಯೇ ಇದಕ್ಕೂ ಬಿಸಿಲೇ ಶತ್ರು. ಬೆಳಿಗ್ಗೆ ಅಮೃತವಾದದ್ದು ಸಂಜೆಗೆ ಹುಳಿಯುತ್ತದೆ.

ಹಿಂಡಿದ ಉಳಿದ ರಸವನ್ನು ಪೀಪಾಯಿಗಳಲ್ಲಿ ತುಂಬಿ ಎರಡು ಮೂರು ದಿನ ಇಡುತ್ತಾರೆ. ಹಿಂದೆ ಅರ್ಧ ಹೂತ ಮಣ್ಣಿನ ಕೊಡಗಳಿದ್ದವು. ಬೇರೆ ಯಾವ ಹುಳಿಯನ್ನೂ ಬೆರೆಸುವುದಿಲ್ಲ. ನೊರೆಯೆದ್ದು ಅಡಗಿದ ಮೇಲೆ ತಾಮ್ರದ ಹಂಡೆಗೆ ಸುರಿದು ಬಾಯಿ ಮುಚ್ಚಿ ಸೌದೆಯ ಬೆಂಕಿಯ ಮೇಲೆ ಕಾಯಿಸುತ್ತಾರೆ. ಆವಿ ಕೊಳವೆಯ ಮೂಲಕ ಹಾದು ತಂಪಾಗಿ ಹನಿಯುತ್ತದೆ.

ಬೆಂಕಿಯ ಮುಂದೆ ಕುಳಿತಿದ್ದವರು ಬಾಗಲಕೋಟೆ ಕಡೆಯವರು. ನಮ್ಮೊಳಗಿನ ಮಾತು ಕಿವಿಗೆ ಬಿದ್ದು, “ನೀವೂ ಕನ್ನಡದವ್ರ ಏನ್ರಿ?” ಎಂದು ತಿರುಗಿದರು. ಹದ ಹೇಗೆ ತಿಳಿಯುತ್ತದೆಂದು ಕೇಳಿದೆವು. “ಬೆಂಕಿ ಹೆಚ್ಚಾತಂದ್ರ ಸುಟ್ಟ ವಾಸನಿ ಹಿಡಿತೈತ್ರಿ ಸರ. ಕಮ್ಮಿ ಆತಂದ್ರ ಹನಿನ ಬೀಳಂಗಿಲ್ಲ. ಮೂಗಿಗೆ ಗೊತ್ತಾಗ್ತೈತ್ರಿ.” ಕುಡಿದೂ ನೋಡುತ್ತೀರಾ ಎಂದಾಗ ಅವರು ಒಂದು ಕೊಳ್ಳಿಯನ್ನು ಹಿಂದಕ್ಕೆಳೆದು, “ನಾ ಮುಟ್ಟಂಗಿಲ್ರಿ. ನಮ್ಮಪ್ಪ ಇದರಾಗ ಹ್ವಾದ” ಎಂದರು. ಮುಂದೆ ನಾವು ಕೇಳಲಿಲ್ಲ. ಆ ಗುಡ್ಡದಲ್ಲಿ ಭಟ್ಟಿಯ ಹದಕ್ಕೆ ಅವರ ಮೂಗೇ ಪ್ರಮಾಣವೆಂದು ಯಜಮಾನರು ಆಮೇಲೆ ಹೇಳಿದರು.

ಮೊದಲ ಸಲ ಇಳಿದದ್ದಕ್ಕೆ ಉರ್‍ರಾಕ್ ಎಂದು ಹೆಸರು. ಮದ್ಯಸಾರ ಸುಮಾರು ಶೇಕಡಾ 15. ಗೇರಿನ ಕಾಲ ಮುಗಿದರೆ ಇದೂ ಮುಗಿಯಿತು. ಗೋವೆಯವರು ಇದಕ್ಕೆ ನಿಂಬೆಯ ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಕುಡಿಯುತ್ತಾರೆ. ನಮ್ಮಲ್ಲಿ ಇಬ್ಬರು ಒಂದೊಂದು ಗುಟುಕು ರುಚಿ ನೋಡಿದೆವು. ಮೂರನೆಯವರು ವಾಸನೆಯಿಂದಲೇ ತೀರ್ಪು ಕೊಡುವೆನೆಂದು ದೂರ ನಿಂತರು. ಉರ್‍ರಾಕಿನಲ್ಲಿ ಹಣ್ಣು ಇನ್ನೂ ಹಣ್ಣಾಗಿಯೇ ಇದೆ, ನಾಲಗೆಗೆ ಬಿರುಸಿಲ್ಲ. ಅದರ ಅಪಾಯವಿರುವುದೂ ಇಲ್ಲಿಯೇ ಎಂದು ನಮಗೆ ತೋರಿತು.

ಉರ್‍ರಾಕಿಗೆ ಹುದುಗಿದ ರಸವನ್ನು ಬೆರೆಸಿ ಮತ್ತೊಮ್ಮೆ ಇಳಿಸಿದರೆ ಫೆನಿ; ಬಲ ಶೇಕಡಾ 40ರ ಮೇಲೆ. ಸೀಸೆಯನ್ನು ಕುಲುಕಿದಾಗ ಏಳುವ ಗುಳ್ಳೆಗಳ ಗಾತ್ರ, ಅವು ನಿಲ್ಲುವ ಹೊತ್ತು, ಇವುಗಳಿಂದ ಹಳಬರು ಬಲವನ್ನು ಅಳೆಯುತ್ತಾರೆ. ಫೆನಿಯೆಂಬ ಹೆಸರೂ ನೊರೆಯೆಂಬ ಅರ್ಥದ ಫೇನ ಶಬ್ದದಿಂದಲೇ ಬಂದುದೆನ್ನುತ್ತಾರೆ. ಮೊದಲ ಹನಿ ಬೆಂಕಿಯಂತೆ ಇಳಿಯಿತು. ಅದು ಆರಿದ ಮೇಲೆ ಮಾತ್ರ ಹಣ್ಣಿನ ನೆನಪು ಹಿಂದಿನಿಂದ ಬಂತು. ದೂರ ನಿಂತವರ ಅಂಗೈಗೆ ಎರಡು ಹನಿ ಹಾಕಿ ಉಜ್ಜಿಸಿದೆವು. ರಾತ್ರಿ ಊಟದ ಹೊತ್ತಿಗೂ ಕೈಯಿಂದ ವಾಸನೆ ಹೋಗಿಲ್ಲವೆಂದು ಅವರು ದೂರಿದರು.

ಮರುದಿನ ದಕ್ಷಿಣ ಗೋವೆಯಲ್ಲಿ ತೆಂಗಿನ ಫೆನಿಯನ್ನೂ ನೋಡಿದೆವು. ನಮ್ಮ ಮೂರ್ತೆಯವರಂತೆಯೇ ಅಲ್ಲಿನ ರೆಂದೇರರು ಮರವೇರಿ ಇಳಿಸಿದ ಕಳ್ಳಿನಿಂದ ಮಾಡಿದ್ದು. ವಾಸನೆ ಸೌಮ್ಯ, ರುಚಿಯೂ ಸೌಮ್ಯ. ಕರಾವಳಿಯ ನಾಲಗೆಗೆ ಬೇಗ ಒಗ್ಗುತ್ತದೆ. ಆದರೆ ಗೇರಿನದರ ಮುಂದೆ ಅದು ಮಾತಾಡದ ವಿದ್ಯಾರ್ಥಿ.

ವಿಸ್ಕಿಯ ಜೊತೆಗೆ ಹೋಲಿಸಿದರೆ ಹೇಗೆ? ವಿಸ್ಕಿ ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಮಲಗುತ್ತದೆ. ಬಣ್ಣವೂ ರುಚಿಯ ದೊಡ್ಡ ಪಾಲೂ ಮರದ್ದು. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ, ಬೆಂಗಳೂರಿನ ಸೆಕೆಯಲ್ಲಿ ಶೇಕಡಾ 10ಕ್ಕೂ ಮೇಲೆ. ಅದಕ್ಕೇ ಇಲ್ಲಿ ಅದು ಬೇಗ ಪಕ್ವವಾಗುತ್ತದೆ. ಬೆಂಗಳೂರಿನ ಅಮೃತ್ 2004ರಲ್ಲಿ ಗ್ಲಾಸ್ಗೋ ನಗರದಲ್ಲಿಯೇ ತನ್ನ ಮಾಲ್ಟನ್ನು ಮಾರಾಟಕ್ಕಿಟ್ಟು ಹೆಸರು ಪಡೆಯಿತು. ಅದು ನಿಜವಾದ ಬಾರ್ಲಿಯದು. ನಮ್ಮಲ್ಲಿ ವಿಸ್ಕಿಯೆಂಬ ಚೀಟಿ ಹೊತ್ತ ಅಗ್ಗದ ಸೀಸೆಗಳಲ್ಲಿ ಬಹುಪಾಲು ಕಾಕಂಬಿಯ ಮದ್ಯಸಾರವೇ. ಫೆನಿಗೆ ಸಾಮಾನ್ಯವಾಗಿ ಮರದ ಮರೆಯಿಲ್ಲ. ಹಣ್ಣು ಕೊಳೆತಿದ್ದರೆ ಕೊಳೆತದ್ದೇ ರುಚಿಸುತ್ತದೆ. ಹೀಗಿದ್ದೂ ಕಾನೂನಿನ ಪುಸ್ತಕದಲ್ಲಿ ಕಾಕಂಬಿಯದು ವಿದೇಶೀ ಮದ್ಯ, ಇದು ನಾಡಮದ್ಯ. 2009ರಲ್ಲಿ ಗೇರುಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2016ರಲ್ಲಿ ಗೋವಾ ಸರಕಾರ ಅದನ್ನು ಪರಂಪರೆಯ ಪಾನೀಯವೆಂದು ಸಾರಿತು.

ಹಿಂದಿರುಗುವ ಗಾಡಿಯಲ್ಲಿ ನಮ್ಮೊಳಗೆ ವಾದ ನಡೆಯಿತು. ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ 2022ರಲ್ಲಿ ಫೆನಿ ಮಾಡಲು ಸರಕಾರದ ಅನುಮತಿ ದೊರೆತಿದೆ. ಕಾಸರಗೋಡಿಗೂ ಬರಲಿ, ಕೊಳೆಯುವ ಹಣ್ಣಿಗೆ ನಾಲ್ಕು ಕಾಸು ಹುಟ್ಟಲಿ ಎಂದರು ಒಬ್ಬರು. ಎಣ್ಮಕಜೆಯ ಕಡೆಯಿಂದ ಬಂದ ಇನ್ನೊಬ್ಬರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಊರಿನ ಗೇರುತೋಟಗಳ ಮೇಲೆ 2000ದ ತನಕ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಿದ್ದರು; 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. “ಗೇರು ನಮ್ಮ ಮನೆಗಳಿಂದ ತೆಗೆದುಕೊಂಡದ್ದು ಸಾಕು. ಇನ್ನು ಕುಡಿತಕ್ಕೂ ಅದನ್ನೇ ಮುಂದೆ ಮಾಡಬೇಡಿ” ಎಂದರು. ಅದಕ್ಕೆ ಉತ್ತರ ಕೊಡುವಂಥದು ನಮ್ಮಲ್ಲಿರಲಿಲ್ಲ.

ಮೂವರೂ ಒಪ್ಪಿದ್ದು ನಿರೋ ಒಂದನ್ನೇ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದವರೂ ಹಣ್ಣಿನ ರಸದ ಬಳಕೆಯನ್ನು ಕಲಿಸುತ್ತಾರೆ. ಮನೆಯಲ್ಲಿ ಮಾಡುವುದು ಸುಲಭ. ಬೆಳಿಗ್ಗೆ ಬಿದ್ದ ಹಣ್ಣುಗಳನ್ನೇ ಹೆಕ್ಕಿ, ತೊಳೆದು, ಬೀಜ ತೆಗೆದು ಹಿಸುಕಬೇಕು. ತೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ತೂಗಹಾಕಿ, ಕೆಳಗೆ ಸ್ಟೀಲಿನ ಪಾತ್ರೆ ಇಡಬೇಕು. ಒಗರು ಹೆಚ್ಚೆನಿಸಿದರೆ ಸ್ವಲ್ಪ ಗಂಜಿತಿಳಿ ಬೆರೆಸಿ ಬಿಟ್ಟರೆ ಗಷ್ಟು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಚಿಟಿಕೆ ಉಪ್ಪು ಹಾಕಿ ಕೊಡಬಹುದು. ಮಧ್ಯಾಹ್ನದ ಊಟದೊಳಗೆ ಮುಗಿಸಬೇಕು. ಮೂರು ದಿನ ಮುಚ್ಚಿಟ್ಟರೆ ಅದು ಅಡುಗೆಮನೆಯ ಬಾಬತ್ತಾಗಿ ಉಳಿಯದೆ ಅಬಕಾರಿ ಇಲಾಖೆಯ ಬಾಬತ್ತಾದೀತು.